ಇಂಚು ಮತ್ತು ಸೆಂಟು

ಕೊಡಗಿನ ನಮ್ಮ ಮನೆಯಲ್ಲಿ ಪೇಪರ್ ಓದುವುದು ಮುಖಪುಟದಿಂದಲ್ಲ. ಮಳೆಗಾಲದಲ್ಲಿ ಅಪ್ಪ ಮೊದಲು ಹುಡುಕುವುದು ಮಳೆ ಲೆಕ್ಕವನ್ನು. ನಾಪೋಕ್ಲಿನಲ್ಲಿ ಎಷ್ಟು, ಭಾಗಮಂಡಲದಲ್ಲಿ ಎಷ್ಟು, ಶಾಂತಳ್ಳಿಯಲ್ಲಿ ಎಷ್ಟು.

ಅಂಗಳದ ಮೂಲೆಯಲ್ಲಿ ನಮ್ಮದೇ ಒಂದು ಮಳೆಮಾಪಕ ಇದೆ. ಬೆಳಿಗ್ಗೆ ಎಂಟಕ್ಕೆ ಅಪ್ಪ ಕೊಡೆ ಹಿಡಿದು ಹೋಗುತ್ತಾರೆ. ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಡೈರಿಗೆ ಬರೆಯುತ್ತಾರೆ: ‘2 ಇಂಚು 40 ಸೆಂಟು.’ ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು. ಲೋಕವೆಲ್ಲ ಮಿಲಿಮೀಟರಿಗೆ ಹೋದರೂ ನಮ್ಮ ತೋಟಗಳಲ್ಲಿ ಮಳೆ ಇಂಚಿನಲ್ಲೇ ಬೀಳಬೇಕು. ಆಮೇಲೆ ಪೇಪರ್ ಬರುತ್ತದೆ. ನಮ್ಮೂರಿನ ಲೆಕ್ಕ ಡೈರಿಗೆ ಹತ್ತಿರ ಇದ್ದರೆ ಅವತ್ತು ಪೇಪರ್ ಪಾಸು. ಇಲ್ಲದಿದ್ದರೆ, “ಇವ ಮನೆಯೊಳಗೆ ಕೂತು ಬರ್ದಿದ್ದಾನೆ!”

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಶುರುಮಾಡಿದ ಮೋಗ್ಲಿಂಗ್ ಆಮೇಲೆ ಕೊಡಗಿಗೂ ಬಂದಿದ್ದರು. ಸದ್ಯ, ಅವರ ಕಾಲಕ್ಕೆ ಅಪ್ಪ ಹುಟ್ಟಿರಲಿಲ್ಲ.

ಅಮ್ಮನ ಪರೀಕ್ಷೆ ಬೇರೆ. ಅವಳದು ನಿಧನದ ಕಾಲಂ. ಇಲ್ಲಿ ಎಷ್ಟೋ ಜನರಿಗೆ ಮನೆ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಮನೆ ಹೆಸರಿನಲ್ಲಿ ಒಂದು ಕೊಂಬು ತಪ್ಪಿದರೆ ಸತ್ತವರೇ ಬೇರೆಯಾಗುತ್ತಾರೆ. “ಮನೆ ಹೆಸರೇ ಗೊತ್ತಿಲ್ಲದವರಿಗೆ ಸುದ್ದಿ ಏನು ಗೊತ್ತಿರುತ್ತೆ?” ಎಂದು ಪೇಪರನ್ನು ಆಚೆ ಸರಿಸುತ್ತಾಳೆ.

ತಮಾಷೆ ಎಂದರೆ, ಮಳೆಯಲ್ಲಿ ಫೇಲಾದ ಅದೇ ಪೇಪರಿನ ದೆಹಲಿ ಸುದ್ದಿಯನ್ನು ಅಪ್ಪ ಕಣ್ಣುಮುಚ್ಚಿ ನಂಬುತ್ತಾರೆ. ದೆಹಲಿಯಲ್ಲಿ ನಮ್ಮ ಮಾಪಕ ಇಲ್ಲವಲ್ಲ.

ಟಿ.ವಿ. ವಿಷಯ ಕೇಳಲೇಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಡಿಕೇರಿಯ ಒಂದೇ ಮನೆ ಟಿ.ವಿ.ಯಲ್ಲಿ ದಿನವಿಡೀ ಬೀಳುತ್ತಲೇ ಇತ್ತು. ಕಷ್ಟ ಸುಳ್ಳಲ್ಲ, ಮಕ್ಕಂದೂರು, ಜೋಡುಪಾಲದ ಕಡೆಯವರನ್ನು ಕೇಳಿದರೆ ಗೊತ್ತು. ಆದರೆ ಬೆಂಗಳೂರಿನಿಂದ ಚಿಕ್ಕಮ್ಮ ಫೋನ್ ಮಾಡಿ, “ಕೊಡಗು ಪೂರ್ತಿ ಹೋಯ್ತಂತಲ್ಲೋ?” ಎಂದು ಅತ್ತರು. ನಮಗೆ ಬೇಕಿದ್ದದ್ದು ಯಾವ ರಸ್ತೆ ತೆರೆದಿದೆ ಎಂಬ ಒಂದೇ ಮಾತು. ಅದು ಸಿಕ್ಕಿದ್ದು ಹಾಲಿನ ಗಾಡಿಯವನಿಂದ.

ಪಕ್ಕದ ತೋಟದ ಅಣ್ಣ ಇದಕ್ಕೆಲ್ಲ ಓಟಿ ನೋಡುತ್ತಾರೆ. ಓಟಿ ಎಂದರೆ ಔಟ್‌ಟರ್ನ್. 50 ಕಿಲೋ ಚೆರಿ ಕಾಫಿಯ, ಅಂದರೆ ಹಣ್ಣನ್ನು ಹಾಗೇ ಒಣಗಿಸಿದ ಕಾಫಿಯ, ಸಿಪ್ಪೆ ತೆಗೆದರೆ ಬೀಜ ಎಷ್ಟು ಕಿಲೋ ಉಳಿಯಿತು ಎಂಬ ಲೆಕ್ಕ. ರೇಟು ಕಟ್ಟುವುದು ಅದರ ಮೇಲೆ. ರಾತ್ರಿ ಒಂಬತ್ತರ ಚರ್ಚೆ ಮುಗಿದ ಮೇಲೆ ಅಣ್ಣ ಹೇಳಿದ್ದು ಇಷ್ಟೇ: “ಚೀಲ ಜೋರುಂಟು. ಓಟಿ ಹತ್ತೂ ಬರಲ್ಲ.” ಹಾಗೆಂದವರು ಮರುದಿನ ಒಂಬತ್ತಕ್ಕೆ ಮತ್ತೆ ಬಂದು ಕೂತರು. ಟಿ.ವಿ.ಯ ರೇಟಿಂಗ್ ಮೀಟರ್ ಲೆಕ್ಕ ಹಾಕುವುದು ಕೂತದ್ದನ್ನು, ಬೈದದ್ದನ್ನಲ್ಲ.

ಕಳೆದ ಜುಲೈಯಲ್ಲಿ ನಾಲ್ಕು ದಿನ ಸತತ ಪೇಪರ್ ಫೇಲಾಯಿತು. ನಮ್ಮದು ಒಂದು ಇಂಚು ಇದ್ದರೆ ಅವರದು ಮೂರು. ಪೇಪರ್ ನಿಲ್ಲಿಸಿಬಿಡೋಣ ಎಂದು ಅಪ್ಪ ಹಟ ಹಿಡಿದರು. ಐದನೇ ಬೆಳಿಗ್ಗೆ ಅವರಿಗೆ ಸೊಂಟ ಹಿಡಿದಿತ್ತು, ನಾನು ಹೋದೆ. ಮಾಪಕದ ಬಾಯಲ್ಲಿ ಹಲಸಿನ ಎಲೆಯೊಂದು ನೀಟಾಗಿ ಅಂಟಿ ಕೂತಿತ್ತು.

ಎಲೆಯನ್ನು ತಂದು ಜಗಲಿಯ ಮೇಲಿಟ್ಟೆ. ಅಪ್ಪ ಅದನ್ನೂ ನೋಡಿದರು, ನನ್ನನ್ನೂ ನೋಡಿದರು.

“ಪೇಪರ್ ಬಂತಾ?” ಎಂದರು.