ಗೈರುಹಾಜರಿಗೆ ಕೊಟ್ಟ ಶಿಕ್ಷೆಯನ್ನು ವಿದ್ಯಾರ್ಥಿ ಪ್ರಶ್ನಿಸಬಹುದೇ?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ‘ಚಕ್ಕರ್ ಹೊಡೆದ’ ಎಂದು ಶಿಕ್ಷೆಗೆ ಒಳಗಾದ ಮಕ್ಕಳು ಲಿಖಿತ ತಕರಾರು ಸಲ್ಲಿಸಲು, ಶಿಕ್ಷೆ ಕೊಟ್ಟವರನ್ನು ಬಿಟ್ಟು ಬೇರೆಯವರು ಅದನ್ನು ವಿಚಾರಿಸಲು ಶಾಲೆಯೊಳಗೇ ಒಂದು ವ್ಯವಸ್ಥೆ ಇರಬೇಕೆ?

ಪರ: ಕೇಳದೆ ಕೊಟ್ಟ ಶಿಕ್ಷೆ ಶಿಸ್ತಲ್ಲ

ಸಕಲೇಶಪುರ, ಆಲೂರು, ಬೇಲೂರಿನ ತೋಟದ ಊರುಗಳಲ್ಲಿ ಆನೆ ಹಿಂಡು ರಸ್ತೆ ಪಕ್ಕದಲ್ಲೇ ಇದೆ ಎಂದು ಮೊಬೈಲಿಗೆ ಸಂದೇಶ ಬಂದ ಬೆಳಿಗ್ಗೆ ಯಾವ ತಾಯಿಯೂ ಮಗುವನ್ನು ನಡೆದು ಹೋಗು ಎನ್ನುವುದಿಲ್ಲ. ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆ ಆಷಾಢದ ಮಳೆಗೆ ಜಿಲ್ಲಾಡಳಿತ ರಜೆ ಕೊಟ್ಟರೆ ಸರಿ. ಕೊಡದ ದಿನವೂ ಹಳ್ಳ ತುಂಬಿರುತ್ತದೆ, ಮರ ಬಿದ್ದು ಬಸ್ಸು ನಿಂತಿರುತ್ತದೆ. ಬೆಳಿಗ್ಗೆ ಇರುವುದೇ ಒಂದು ಬಸ್ಸು. ಹಾಜರಿ ಪುಸ್ತಕಕ್ಕೆ ಇದ್ಯಾವುದೂ ಗೊತ್ತಿಲ್ಲ. ಅಲ್ಲಿ ಇರುವುದು ಹಾಜರು, ಗೈರು ಎರಡೇ.

ಆ ಗೈರುಗಳೇ ಕೂಡಿ ಎಸ್‌ಎಸ್‌ಎಲ್‌ಸಿ ಮಕ್ಕಳ ದಾರಿಗೆ ಅಡ್ಡ ಬರುತ್ತವೆ. ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಅದಕ್ಕೂ ಮೊದಲೇ ಸಣ್ಣ ಶಿಕ್ಷೆಗಳು ಶುರುವಾಗಿರುತ್ತವೆ: ತರಗತಿಯ ಹೊರಗೆ ನಿಲ್ಲಿಸುವುದು, ಎಲ್ಲರೆದುರು ‘ಕಳ್ಳ’ ಎನ್ನುವುದು, ‘ಅಪ್ಪನನ್ನು ಕರ್ಕೊಂಡು ಬಾ, ಇಲ್ಲದಿದ್ದರೆ ಟಿಸಿ ತಗೊಂಡು ಹೋಗು’ ಎನ್ನುವುದು. ಕೂಲಿ ಮಾಡುವ ಅಪ್ಪ ಶಾಲೆಗೆ ಬಂದರೆ ಆ ದಿನದ ಸಂಬಳ ಹೋಯಿತು. ಮಗುವಿನ ಗೈರಿಗೆ ಇಡೀ ಮನೆ ದಂಡ ಕಟ್ಟಿದಂತಾಯಿತು. ಇದನ್ನು ಶಾಲೆಗಳು ಶಿಕ್ಷೆ ಎಂದು ಎಣಿಸುವುದೇ ಇಲ್ಲ ಎಂಬುದು ನನಗೆ ತೀರಾ ನೋವಿನ ವಿಷಯ.

ಕಾನೂನು ಈ ವಿಷಯದಲ್ಲಿ ಕಣ್ಣು ಮುಚ್ಚಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುತ್ತದೆ 16ನೇ ಸೆಕ್ಷನ್. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಿ ಅನುತ್ತೀರ್ಣಗೊಳಿಸಲು ದಾರಿ ಮಾಡಿತು, ಹೊರಹಾಕಲು ಮಾಡಲಿಲ್ಲ. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಈ ರಕ್ಷಣೆಯ ನೆರಳು ತೆಳು. ಅವರಿಗೇ ತಕರಾರಿನ ಹಕ್ಕು ಹೆಚ್ಚು ಬೇಕು.

ಪರೀಕ್ಷೆಯಲ್ಲಿ ಅಕ್ರಮ ನಡೆಸಿದರೆಂದು ಉತ್ತರ ಪ್ರದೇಶದ ಮಂಡಳಿ ಮೂವರು ವಿದ್ಯಾರ್ಥಿಗಳ ಫಲಿತಾಂಶ ರದ್ದು ಮಾಡಿದಾಗ, ಅವರ ಮಾತು ಕೇಳದೆ ಹಾಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿತು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು ಎನ್ನುತ್ತದೆ.

ಈಗ ಏನಾಗುತ್ತಿದೆ? ಹೊಡೆದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಬಹುದು. ಸುಳ್ಳು ಗೈರು ಬರೆದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಅರ್ಜಿ ಒಯ್ಯಬೇಕು, ಒಯ್ದ ಮಗುವಿಗೆ ‘ಮೇಷ್ಟ್ರ ಮೇಲೆ ದೂರು ಕೊಟ್ಟವನು’ ಎಂಬ ಹೆಸರು ಬರುತ್ತದೆ. ಅದರ ಬದಲು ಆರೋಪವನ್ನು ದಿನಾಂಕದೊಂದಿಗೆ ಬರೆದು ಕೊಡಲಿ. ಮಗು ಉತ್ತರ ಬರೆಯಲಿ. ಬೇರೆ ತರಗತಿಯ ಒಬ್ಬ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಒಬ್ಬ ಪೋಷಕರು ಕೂತು ಒಂದು ವಾರದೊಳಗೆ ತೀರ್ಮಾನ ಹೇಳಲಿ. ಬಸ್ಸು ಬರಲಿಲ್ಲ ಎನ್ನುವುದನ್ನು ಡಿಪೋಗೆ ಒಂದು ಫೋನು ಮಾಡಿ ತಿಳಿಯಬಹುದು. ಸುಳ್ಳಾದರೆ ಶಿಕ್ಷೆ ಹಾಗೇ ಉಳಿಯುತ್ತದೆ, ಮೇಷ್ಟ್ರ ಗೌರವಕ್ಕೆ ಕುಂದೇನೂ ಬರುವುದಿಲ್ಲ.

ವಿರೋಧ: ಅರ್ಜಿ ಬರೆಯಲಾಗದ ಮಗುವಿನ ಗತಿ?

ಅನ್ಯಾಯ ಆಗುವುದೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಎಲ್ಲರೆದುರು ‘ಕಳ್ಳ’ ಎಂದ ಮೇಷ್ಟ್ರು ತಪ್ಪಿತಸ್ಥರೇ, ಅದನ್ನು ತಡೆಯಲು ಕಾನೂನೂ ಇದೆ. ನನ್ನ ಆತಂಕ ಬೇರೆ.

ನವೆಂಬರಿನಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತದೆ, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ. ಹಣ್ಣು ಕೊಯ್ಲಿಗೆ ಎಷ್ಟೋ ತೋಟಗಳಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿ. ಒಂದು ಜೊತೆ ಕೈ ಹೆಚ್ಚಾದರೆ ಸಂಜೆ ತೂಕ ಹೆಚ್ಚು. ಲೈನ್ ಮನೆಯ (ತೋಟದ ಕೂಲಿಗಳ ಸಾಲು ಮನೆ) ಹುಡುಗಿ ಶಾಲೆ ತಪ್ಪಿಸುವುದು ಆಗಲೇ. ಆಮೇಲೆ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ, ಆಮೇಲೆ ಬರುವುದೇ ಇಲ್ಲ. ಬಾಲ್ಯವಿವಾಹವಾಗಲಿ, ಮಕ್ಕಳ ದುಡಿಮೆಯಾಗಲಿ, ಶಾಲೆಗೆ ಮೊದಲು ಕಾಣುವುದು ಸಾಲುಸಾಲು ಗೈರಾಗಿಯೇ. ಆ ಗೈರನ್ನು ಶಿಕ್ಷಕರು ಅಳುಕದೆ ಬರೆಯಬೇಕು.

ಪ್ರತಿ ಗೈರಿಗೂ ತಕರಾರು, ವಿಚಾರಣೆ, ವರದಿ ಎಂದಾದರೆ ಕೆಲಸದ ಭಾರದಲ್ಲಿ ನಲುಗಿದ ಶಿಕ್ಷಕರು ಹುಡುಕುವ ಸುಲಭದ ದಾರಿ ಒಂದೇ: ಎಲ್ಲರನ್ನೂ ಹಾಜರು ಎಂದು ಬರೆದುಬಿಡುವುದು. ಬಿಸಿಯೂಟದ ಅಕ್ಕಿ, ಮೊಟ್ಟೆ, ಹಾಲಿನ ಲೆಕ್ಕವೂ ಆ ಪುಸ್ತಕವನ್ನೇ ನಂಬಿದೆ. ಕಾಗದದಲ್ಲಿ ಶೇ. 75 ತುಂಬುತ್ತದೆ, ಮಗು ಮಾತ್ರ ತೋಟದಲ್ಲಿರುತ್ತದೆ.

ಪರ ವಾದದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು: ಲಿಖಿತ ತಕರಾರು ಯಾರ ಕೈಗೆ ಸಿಗುವ ಆಯುಧ? ಓದು ಬಲ್ಲ ಅಪ್ಪ ಅಮ್ಮ ಇರುವ, ಪೇಟೆಯ ಮನೆಯ ಮಗುವಿಗೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಕುಟುಂಬದ ಮಗು ಕನ್ನಡವನ್ನೇ ಈಗ ಕಲಿಯುತ್ತಿದೆ. ಅದು ಆರೋಪಕ್ಕೆ ಉತ್ತರ ಬರೆದು ಸಮಿತಿಯ ಮುಂದೆ ನಿಲ್ಲುವುದುಂಟೆ? ಎಸ್‌ಡಿಎಂಸಿಯಲ್ಲಿ ಕೂರುವವರು ಅದೇ ಊರಿನವರು. ಕೆಲವು ಕಡೆ ಆ ತೋಟದ ಸಾಹುಕಾರರಿಗೆ ಬೇಕಾದವರೇ ಆಗಿರುತ್ತಾರೆ. ಹುಡುಗಿ ಹಣ್ಣು ಕೊಯ್ಯಲು ಹೋಗಿದ್ದಳು ಎಂದು ಅವರೆದುರು ಬಾಯಿಬಿಟ್ಟು ಹೇಳುವವರು ಯಾರು?

1962ರ ತೀರ್ಪನ್ನು ಒಪ್ಪುತ್ತೇನೆ. ಆದರೆ ಅದು ಪರೀಕ್ಷಾ ಮಂಡಳಿ ಫಲಿತಾಂಶವನ್ನೇ ರದ್ದು ಮಾಡಿದ ಪ್ರಕರಣ. ಶಿಕ್ಷಣದ ದಿನನಿತ್ಯದ ಅನುಭವ ಇರುವವರ ತೀರ್ಮಾನದ ಜಾಗದಲ್ಲಿ ತನ್ನ ಅಭಿಪ್ರಾಯ ಇಡಲು ನ್ಯಾಯಾಲಯ ಹಿಂಜರಿಯಬೇಕು ಎಂದು ಅದೇ ಸುಪ್ರೀಂ ಕೋರ್ಟ್ 1984ರಲ್ಲಿ ಮಹಾರಾಷ್ಟ್ರ ಮಂಡಳಿಯ ಪ್ರಕರಣದಲ್ಲಿ ಹೇಳಿದೆ. ಪರೀಕ್ಷೆಗೇ ಕೂರಿಸುವುದಿಲ್ಲ ಎಂಬ ಹಂತದಲ್ಲಿ ಮಗುವಿನ ಮಾತು ಕೇಳಲೇಬೇಕು, ಅಲ್ಲಿ ನನ್ನದು ಬೇರೆ ಮಾತಿಲ್ಲ. ಅದಕ್ಕಿಂತ ಕೆಳಗಿನ ಹಂತಗಳಲ್ಲಿ ಬೇಕಾಗಿರುವುದು ಮನೆ ಭೇಟಿ. ಮೂರು ದಿನ ಸಾಲಾಗಿ ಬಾರದ ಮಗುವಿನ ಲೈನ್ ಮನೆಗೆ ಹೋಗಿಬರಲು ಶಿಕ್ಷಕರಿಗೆ ಬಸ್ ಖರ್ಚು ಕೊಡಿ, ಆ ಹೊತ್ತು ತರಗತಿ ನೋಡಿಕೊಳ್ಳಲು ಇನ್ನೊಬ್ಬರನ್ನು ಕೊಡಿ, ಅಸ್ಸಾಮಿನ ಮಗುವಾದರೆ ಮಾತು ತಿಳಿಸಿ ಹೇಳುವವರನ್ನೂ ಜೊತೆಗೆ ಕಳಿಸಿ.