ಮೊದಲ ಮಗುವಿಗೆ ಪ್ಲೇಟ್‌ಲೆಟ್ ಕಡಿಮೆಯಿತ್ತಾ? ಕಾರಣ ಕೇಳಿ

ಹುಟ್ಟಿದ ಮಗುವಿಗೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು) ಕಡಿಮೆ ಇತ್ತು, ಹಾಕಿದರು, ಸರಿಹೋಯ್ತು. ಫೈಲು ಬೀರು ಸೇರುತ್ತದೆ. ನನ್ನ ತಕರಾರು ಇಲ್ಲೇ. ಯಾಕೆ ಕಡಿಮೆಯಾಯ್ತು ಅಂತ ಕೇಳುವವರು ಕಮ್ಮಿ.

ಸೋಂಕಿನಿಂದಲೂ ಹೀಗಾಗಬಹುದು, ನಿಜ. ಆದರೆ ದಿನ ತುಂಬಿ ಹುಟ್ಟಿದ ಗಟ್ಟಿಮುಟ್ಟಾದ ಮಗು. ಮೈಮೇಲೆ ಸೂಜಿಮೊನೆಯಷ್ಟು ಕೆಂಪು-ನೇರಳೆ ಚುಕ್ಕೆಗಳು, ಬೆರಳಿಂದ ಒತ್ತಿದರೂ ಮಾಯವಾಗುವುದಿಲ್ಲ. ಕನಿಷ್ಠ 1,50,000 ಇರಬೇಕಾದ ಎಣಿಕೆ 50,000 ಕೂಡ ಇಲ್ಲ. ಆಗ ಎಫ್‌ಎನ್‌ಎಐಟಿ, ಅಂದರೆ ಅಮ್ಮನ ಆಂಟಿಬಾಡಿಯಿಂದಲೇ ಮಗುವಿನ ಪ್ಲೇಟ್‌ಲೆಟ್ ಕಡಿಮೆಯಾಗುವ ತೊಂದರೆ, ಇರಬಹುದಾ ಅಂತ ನೋಡಲೇಬೇಕು.

ಮಗುವಿನ ಪ್ಲೇಟ್‌ಲೆಟ್ ಮೇಲೆ ಅಪ್ಪನಿಂದ ಬಂದ ಒಂದು ಗುರುತು ಇರುತ್ತದೆ, ಅಮ್ಮನಲ್ಲಿ ಅದಿಲ್ಲ. ಅವಳ ದೇಹ ಅದರ ವಿರುದ್ಧ ಆಂಟಿಬಾಡಿ ಮಾಡುತ್ತದೆ. ಅದು ಮಾಸು ದಾಟಿ ಮಗುವಿನ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುತ್ತದೆ. ಅಮ್ಮನ ಎಣಿಕೆ ಮಾತ್ರ ನಾರ್ಮಲ್! ಹಾಗಾಗಿ ಗರ್ಭಿಣಿಯರ ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಆರ್‌ಎಚ್ ತೊಂದರೆ (ನೆಗೆಟಿವ್ ರಕ್ತದ ಅಮ್ಮ, ಪಾಸಿಟಿವ್ ರಕ್ತದ ಮಗು) ಸಾಮಾನ್ಯವಾಗಿ ಎರಡನೇ ಮಗುವಿಗೆ ಬರುತ್ತದೆ, ಇದು ಚೊಚ್ಚಲ ಮಗುವನ್ನೂ ಬಿಡುವುದಿಲ್ಲ. ಯುರೋಪ್ ಮೂಲದವರಲ್ಲಿ ಎಚ್‌ಪಿಎ-1ಎ ಎಂಬ ಗುರುತೇ ಹೆಚ್ಚಾಗಿ ಕಾರಣ. ಅವರಲ್ಲಿ ಸುಮಾರು 2% ಹೆಂಗಸರಿಗೆ ಅದು ಇರುವುದಿಲ್ಲ. ಏಷ್ಯಾದವರಲ್ಲಿ ಬೇರೆ ಗುರುತುಗಳನ್ನೂ ಹುಡುಕಬೇಕು. (ಇದರಲ್ಲಿ ಅಮ್ಮನ ತಪ್ಪೇನೂ ಇಲ್ಲ. ಮನೆಯ ಹಿರಿಯರು ದಯವಿಟ್ಟು ಗಮನಿಸಿ.)

ಭಯ ಇರುವುದು ಮಿದುಳಿನ ರಕ್ತಸ್ರಾವದ್ದು. ಎಷ್ಟೋ ಸಲ ಅದು ಹೊಟ್ಟೆಯೊಳಗೇ ಆಗಿಬಿಟ್ಟಿರುತ್ತದೆ. ಹಿಂದಿನ ಮಗುವಿಗೆ ಹಾಗಾಗಿದ್ದರೆ, ಅದೇ ಗುರುತು ಹೊತ್ತ ಮುಂದಿನ ಮಗುವಿಗೂ ಅಪಾಯ ತುಂಬಾ ಜಾಸ್ತಿ. ಅಂಥವರಿಗೆ 12–16 ವಾರಕ್ಕೇ ಚಿಕಿತ್ಸೆ ಶುರು ಮಾಡುತ್ತಾರೆ. ವಾರವಾರ ಅಮ್ಮನಿಗೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳು) ಡ್ರಿಪ್, ಸಾಮಾನ್ಯವಾಗಿ ಅವಳ ತೂಕದ ಕೆಜಿಗೆ 1 ಗ್ರಾಂ ಲೆಕ್ಕದಲ್ಲಿ. ಗಂಟೆಗಟ್ಟಲೆ ಹರಿಯುತ್ತದೆ, ಮುಗಿದ ಮೇಲೆ ಹಲವರಿಗೆ ತಲೆ ಸಿಡಿಯುತ್ತದೆ, ಬೆಲೆಯೂ ದುಬಾರಿ. ಕೆಲವರಿಗೆ ಸ್ಟೀರಾಯ್ಡ್ ಕೂಡ ಸೇರಿಸುತ್ತಾರೆ.

ಮೊದಲೆಲ್ಲ ಹೊಕ್ಕುಳಬಳ್ಳಿಗೆ ಸೂಜಿ ಹಾಕಿ ಮಗುವಿನ ಎಣಿಕೆ ನೋಡುತ್ತಿದ್ದರು. ರಕ್ತ ಹೆಪ್ಪುಗಟ್ಟುವುದೇ ಕಷ್ಟವಿರುವ ಮಗುವಿಗೆ ಸೂಜಿ! ಅದರಿಂದಲೇ ಮಗು ಹೋಗಿದ್ದೂ ಉಂಟು. ಒಂದು ಸಂಖ್ಯೆಗಾಗಿ ಅಷ್ಟು ದೊಡ್ಡ ಅಪಾಯ ಬೇಕಾ? ಈಗ ಸೂಜಿಯಿಲ್ಲದೆ ಚಿಕಿತ್ಸೆ ಕೊಡುವವರೇ ಹೆಚ್ಚು, ನನಗೂ ಅದೇ ಸರಿ ಅನ್ನಿಸುತ್ತದೆ.

ಹೆರಿಗೆಯಲ್ಲಿ ವ್ಯಾಕ್ಯೂಮ್, ಫೋರ್ಸೆಪ್ಸ್ ಬೇಡ. ಹೊಂದುವ, ಅಂದರೆ ಆ ಗುರುತಿಲ್ಲದ, ಪ್ಲೇಟ್‌ಲೆಟ್ ಮೊದಲೇ ತಯಾರಿದ್ದರೆ ಒಳ್ಳೆಯದು. ಸಿಗಲಿಲ್ಲ, ಮಗುವಿಗೆ ರಕ್ತ ಸೋರುತ್ತಿದೆ ಅಂದರೆ ಕಾಯುತ್ತಾ ಕೂರಬಾರದು, ಇದ್ದದ್ದನ್ನು ಹಾಕಬೇಕು.

ಇಷ್ಟೆಲ್ಲ ತಯಾರಿಗೆ ಆಧಾರ ಮೊದಲ ಮಗುವಿನ ಫೈಲು. ಅದಕ್ಕೇ ಡಿಸ್ಚಾರ್ಜ್‌ಗೆ ಮುಂಚೆ ಅಪ್ಪ, ಅಮ್ಮ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿ ಅಂತ ಕೇಳಿ. ಅಪ್ಪನಲ್ಲಿ ಆ ಗುರುತಿನ ಜೀನ್ ಜೋಡಿಯಾಗಿದ್ದರೆ ಪ್ರತಿ ಮಗುವಿಗೂ ಬರುತ್ತದೆ, ಒಂಟಿಯಾಗಿದ್ದರೆ ಅರ್ಧಕ್ಕರ್ಧ ಸಾಧ್ಯತೆ. ಮಗುವಿಗೆ ಗುರುತು ಬಂದಿಲ್ಲ ಅಂತ ಖಚಿತವಾದರೆ ಅಮ್ಮನಿಗೆ ಆ ಡ್ರಿಪ್ಪೂ ಬೇಡ, ತಲೆನೋವೂ ಬೇಡ.