ಟ್ಯೂಬ್ ತಪ್ಪಿದರೆ ರಿಪೋರ್ಟೂ ತಪ್ಪುತ್ತೆ
ಬೆನ್ನುಹುರಿ ದ್ರವದಲ್ಲಿ ಅಮೈಲಾಯ್ಡ್ ಬೀಟಾ 42 ಎಂಬ ಪೆಪ್ಟೈಡ್ (ಪ್ರೋಟೀನಿನ ತುಣುಕು) ಕಡಿಮೆ ಬಂದರೆ ಮರೆವಿನ ಕಾಯಿಲೆ ಆಲ್ಝೈಮರ್ ಶಂಕೆ ಅಂತ ಈ ಪರೀಕ್ಷೆ ಬಗ್ಗೆ ಓದಿದ ಲೇಖನವೊಂದರಲ್ಲಿದೆ. ಸರಿಯೇ, ಆದರೆ ಆ ದ್ರವ ಹಿಡಿದಿಡುವ ಟ್ಯೂಬಿನ ವಿಷಯ ಬಿಟ್ಟುಹೋಗಿದೆ. ಈ ಪೆಪ್ಟೈಡ್ ಮಹಾ ಅಂಟುಬುರುಕ. ಗಾಜು, ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನ ಗೋಡೆಗೆ ಹಿಡಿದುಕೊಂಡುಬಿಡುತ್ತೆ. ಯಂತ್ರ ಓದುವುದು ದ್ರವದಲ್ಲಿ ಉಳಿದದ್ದನ್ನಷ್ಟೇ. ಇಲ್ಲದ ಕಾಯಿಲೆ ಇದ್ದಂತೆ ಕಾಣುವುದು ಹೀಗೆ. ಲೋ-ಬೈಂಡ್ (ಕಡಿಮೆ ಅಂಟಿಸಿಕೊಳ್ಳುವ) ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಟ್ಯೂಬೇ ಬೇಕು, ಅದರಲ್ಲೂ ಒಂದರಿಂದ ಇನ್ನೊಂದಕ್ಕೆ ಸುರಿದಷ್ಟೂ ನಷ್ಟ. 2 ಮಿ.ಲೀ. ಟ್ಯೂಬಿಗೆ ಅರ್ಧ ಮಿ.ಲೀ. ಹಾಕಿಟ್ಟರೆ ದ್ರವಕ್ಕಿಂತ ಗೋಡೆಯದ್ದೇ ಕಾರುಬಾರು. ಮುಕ್ಕಾಲಾದರೂ ತುಂಬಿಸಿ ಮೈನಸ್ 80 ಡಿಗ್ರಿಗೆ ಹಾಕಬೇಕು. ರಕ್ತ ಬೆರೆತಿದ್ದರೆ ಫ್ರೀಜ್ ಮಾಡುವ ಮುಂಚೆಯೇ 2000 ಜಿ (ಗುರುತ್ವದ 2000 ಪಟ್ಟು) ಬಲದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ರಕ್ತಕಣ ಬೇರ್ಪಡಿಸಬೇಕು (ಫ್ರೀಜ್ ಆಗಿ ಕಣ ಒಡೆದ ಮೇಲೆ ತಿರುಗಿಸಿ ಏನುಪಯೋಗ?). ಇದರ ಜೊತೆಗಾರ ಪೆಪ್ಟೈಡ್ ಬೀಟಾ 40 ಕೂಡ ಹೀಗೇ ಅಂಟುವುದರಿಂದ 42/40 ಅನುಪಾತ ನೋಡಿದರೆ ಈ ದೋಷ ಬಹುಮಟ್ಟಿಗೆ ಸರಿದೂಗುತ್ತೆ.